ಕಣ್ಣು ಬಿಟ್ಟ ಕೆಂಪು ಕಾರು

"ನಿಮ್ಮ ಬೋಜ್ ಓಡಲ್ಲ ಕಣೇ, ತೆವಳುತ್ತೆ!" ಎಂದ ತಿಲೆಕ್.

"ತೆವಳಿದ್ರೂ ಊರು ಮುಟ್ಟಿಸುತ್ತೆ. ನೀನು ಹೊಗಳೋ ಈ ಕೆಂಪು ಕಾರು ಬಂದಿದ್ದು ಹೇಗೆ? ಲಾರಿ ಮೇಲೆ ಕೂತ್ಕೊಂಡು, ಮದುಮಗಳ ಥರ!" ಎಂದಳು ಜಿಪಾರ.

ಇಬ್ಬರದೂ ಒಂದೇ ಕ್ಲಾಸು, ಅಕ್ಕಪಕ್ಕದ ಮನೆ. ಈಗ ಜಿಪಾರಳ ಮನೆಯ ಶೆಡ್ಡಿನಲ್ಲಿ, ಎರಡು ಕಾರುಗಳ ನಡುವಿನ ಸಂದಿಯಲ್ಲಿ, ಮೂಗಿಗೆ ಮೂಗು ತಾಗುವಷ್ಟು ಹತ್ತಿರ ನಿಂತು ಜಗಳವಾಡುತ್ತಿದ್ದರು.

ಎಡಗಡೆ ಇದ್ದದ್ದು ಬೋಜ್. ಅದು ಜಿಪಾರಳ ತಾತನ ಕಾರು. ಒಂದು ಕಾಲದಲ್ಲಿ ಬೆಳ್ಳಗಿತ್ತಂತೆ, ಈಗ ಬೂದಿ ಬಣ್ಣ. ನಾಲ್ಕು ಬಾಗಿಲು, ಪೆಟ್ಟಿಗೆಯಂಥ ಮೈ, ಎರಡು ದುಂಡು ದೀಪ. ಆ ಕಡೆ ಬೂದು ಕುದುರೆಗೆ ಬೋಜ್ ಅನ್ನುತ್ತಾರಲ್ಲ, ತಾತ ಅದನ್ನೇ ಕಾರಿಗೂ ಇಟ್ಟಿದ್ದರು. ಬೆಳಿಗ್ಗೆ ಬಾಗಿಲು ತೆಗೆಯುವಾಗ ಅದರ ಬೆನ್ನು ತಟ್ಟಿ, "ಏನಪ್ಪಾ, ನಿದ್ದೆ ಆಯ್ತಾ?" ಎಂದು ಕೇಳುತ್ತಿದ್ದರು.

ಬಲಗಡೆ ಇದ್ದದ್ದು ಕೆಂಪು ಕಾರು. ಎರಡೇ ಬಾಗಿಲು, ಎರಡೇ ಸೀಟು, ಉದ್ದ ಮೂಗು, ನೆಲಕ್ಕೆ ಅಂಟಿಕೊಂಡ ಹಾಗೆ ತಗ್ಗು. ಜಿಪಾರಳ ಮಿರ್ಲಾನ್ ಚಿಕ್ಕಪ್ಪ ಹೋದ ತಿಂಗಳು ಜರ್ಮನಿಗೆ ಹೋಗಿ ತಂದಿದ್ದರು. ಅದಕ್ಕೆ ಹೆಸರಿರಲಿಲ್ಲ.

ನಿಜ ಹೇಳಬೇಕೆಂದರೆ ಎರಡರಲ್ಲಿ ಹೆಚ್ಚು ಹಳೆಯದು ಕೆಂಪು ಕಾರೇ. ಆದರೆ ಅದನ್ನು ಯಾರೂ ಹಳೆಯದು ಅನ್ನುವುದಿಲ್ಲ, 'ಕ್ಲಾಸಿಕ್' ಅನ್ನುತ್ತಾರೆ. ಬೋಜ್ ಅದಕ್ಕಿಂತ ಚಿಕ್ಕದು. ಅದನ್ನು 'ಗುಜರಿ' ಅನ್ನುತ್ತಾರೆ. ಇದು ಯಾವ ನ್ಯಾಯವೋ ಜಿಪಾರಳಿಗೆ ಗೊತ್ತಿಲ್ಲ, ನನಗೂ ಗೊತ್ತಿಲ್ಲ.

"ಸ್ಪೀಡ್ ನೋಡು, ಸ್ಪೀಡ್! ಮೀಟರಲ್ಲಿ ಇನ್ನೂರ ಅರವತ್ತರ ತನಕ ಇದೆ," ಎಂದ ತಿಲೆಕ್, ಕೆಂಪು ಕಾರಿನ ಕಿಟಕಿಗೆ ಕೆನ್ನೆ ಒತ್ತಿ.

"ನಮ್ಮ ಬಾಲಿಕ್ಚಿ ರಸ್ತೇಲಾ? ಮೊದಲ್ನೇ ಗುಂಡೀಲೇ ಹೊಟ್ಟೆ ಹರ್ಕೊಳ್ಳುತ್ತೆ. ಎಷ್ಟು ಜನ ಕೂರಬಹುದು ಹೇಳು?"

"ಇಬ್ರು."

"ಬೋಜಲ್ಲಿ ಒಂದ್ಸಲ ಏಳು ಜನ ಬಂದಿದ್ವಿ. ಜೊತೆಗೆ ಒಂದು ಕುರಿ."

"ಕುರೀನೇ ಡ್ರೈವ್ ಮಾಡ್ತಾ?"

"ಅವತ್ತು ನೀನು ಬರಲ್ಲ ಅಂದ್ಯಲ್ಲ, ನಿನ್ನ ಜಾಗದಲ್ಲಿ ಅದನ್ನ ಕೂರಿಸಿದ್ವಿ."

ತಿಲೆಕ್ ಮೂಗು ಉಜ್ಜಿಕೊಂಡು, "ಏನಾದ್ರೂ ಅನ್ಕೋ. ಶನಿವಾರ ಪಾರ್ಟ್ಸ್ ಅಂಗಡಿಯವನು ಬರ್ತಾನೆ. ನಿಮ್ಮ ಬೋಜ್‌ನ ಬಿಚ್ಚಿ, ಬಾಗಿಲು ಒಬ್ರಿಗೆ, ಚಕ್ರ ಒಬ್ರಿಗೆ," ಎಂದ.

ಅವನು ಹೇಳಿದ್ದು ಸುಳ್ಳೇನಲ್ಲ. ಚಿಕ್ಕಪ್ಪ ಮೆಕ್ಯಾನಿಕ್. ಕೆಂಪು ಕಾರನ್ನು ಬಿಚ್ಚಿ ಜೋಡಿಸಲು ಅವರಿಗೆ ಜಾಗ ಬೇಕು. ಹೊರಗೆ ನಿಲ್ಲಿಸಿದರೆ ಉಲಾನ್ ಗಾಳಿ ಸರೋವರದ ಮರಳನ್ನು ತಂದು ಬಣ್ಣವನ್ನೆಲ್ಲ ಕೆರೆದುಹಾಕುತ್ತದೆ. ವಸಂತದಲ್ಲಿ ತಾತ ತೀರಿಕೊಂಡ ಮೇಲೆ ಬೋಜ್‌ನ ಓಡಿಸುವವರೂ ಇಲ್ಲ. ಹಾಗಾಗಿ ಬೋಜ್ ಹೋಗಬೇಕು. ಮಾಸ್ಕೋದಲ್ಲಿರುವ ಅಪ್ಪ ಅಮ್ಮ ಕೂಡ ಫೋನಿನಲ್ಲಿ, "ಚಿಕ್ಕಪ್ಪ ಹೇಳಿದ ಹಾಗೆ ಕೇಳು ಪುಟ್ಟಿ" ಎಂದುಬಿಟ್ಟಿದ್ದರು.

"ನಿನ್ನ ಕೆಂಪು ಕಾರಿಗೆ ಕಣ್ಣೇ ಇಲ್ಲ," ಎಂದಳು ಜಿಪಾರ ಕೊನೆಗೆ. ಅಳು ಬರುವಂತಾಗಿತ್ತು. "ಕುರುಡು ಕಾರು!"

"ಇದೆ ಕಣೇ. ಮುಚ್ಕೊಂಡಿದೆ ಅಷ್ಟೇ. ಸ್ವಿಚ್ ಹಾಕಿದ್ರೆ ರೆಪ್ಪೆ ಥರ ಮೇಲಕ್ಕೆ ಏಳುತ್ತೆ. ಒಳಗೆ ಲೈಟು."

ಆಗ ಹೊರಗೆ ಉಲಾನ್ ಎದ್ದಿತು. ತಗಡಿನ ಮಾಡು ಮೊದಲು ನಡುಗಿತು, ಆಮೇಲೆ ಯಾರೋ ಬಾಯಿ ಮುಚ್ಚಿಕೊಂಡು ಹಾಡಿದ ಹಾಗೆ ಗುಂಯ್ ಎಂದಿತು. ಬಾಗಿಲಲ್ಲಿ ಮಲಗಿದ್ದ ನಾಯಿ ಎದ್ದು, ಬಾಲ ಮಡಚಿಕೊಂಡು ಅಂಗಳದ ಆಚೆ ಹೋಯಿತು.

ಟಿಕ್.

ಚಿಕ್ಕ ಶಬ್ದ. ಕೆಂಪು ಕಾರಿನ ಒಳಗಿನಿಂದ ಬಂದದ್ದು.

ಇಬ್ಬರೂ ನೋಡನೋಡುತ್ತಿದ್ದಂತೆ ಅದರ ಎಡಗಣ್ಣಿನ ರೆಪ್ಪೆ ಮೆಲ್ಲಗೆ, ಬಹಳ ಮೆಲ್ಲಗೆ ಮೇಲೆದ್ದಿತು. ಅರ್ಧಕ್ಕೆ ಬಂದು ನಿಂತಿತು. ಮತ್ತೆ ಎದ್ದಿತು. ಒಳಗಿದ್ದ ಗಾಜು ಬಾಗಿಲ ಕಡೆಯ ಬೆಳಕನ್ನು ಹೀರಿ ಮಂಕಾಗಿ ಹೊಳೆಯಿತು. ಕಾರಿನಲ್ಲಿ ಯಾರೂ ಇರಲಿಲ್ಲ. ಬೀಗದಕೈ ಚಿಕ್ಕಪ್ಪನ ಜೇಬಿನಲ್ಲಿತ್ತು, ಚಿಕ್ಕಪ್ಪ ಪೇಟೆಯಲ್ಲಿದ್ದರು.

"ನೀ... ನೀನು ಏನಾದ್ರೂ ಮುಟ್ಟಿದ್ಯಾ?" ಎಂದ ತಿಲೆಕ್.

"ಇಲ್ಲ. ನೀನು?"

ಮುಂದಿನ ಮಾತಿಗೆ ಇಬ್ಬರೂ ಅಲ್ಲಿರಲಿಲ್ಲ. ತಿಲೆಕ್ ತನ್ನ ಮನೆಯ ಕಡೆ ಓಟ ಕಿತ್ತ, ಒಂದು ಚಪ್ಪಲಿ ಅಲ್ಲೇ ಉಳಿಯಿತು. ಜಿಪಾರ ಅಡುಗೆಮನೆಗೆ ನುಗ್ಗಿದಳು.

ಅಜ್ಜಿ ಹಿಟ್ಟು ನಾದುತ್ತಿದ್ದರು. ಮೊಮ್ಮಗಳು ಹೇಳಿದ್ದನ್ನೆಲ್ಲ ಕೇಳಿ, ಕೈ ತೊಳೆದು, ಸೀರಿಯಸ್ಸಾಗಿ ತಲೆಗೆ ಬಟ್ಟೆ ಕಟ್ಟಿಕೊಂಡು ಹೊರಟರು. ಅಜ್ಜಿಗೆ ಯಾವುದಕ್ಕೂ ಅವಸರವಿಲ್ಲ. ಅವರು ಶೆಡ್ಡು ಮುಟ್ಟುವಷ್ಟರಲ್ಲಿ ಚಿಕ್ಕಪ್ಪ ಪೇಟೆಯಿಂದ ಬಂದು ಒಳಗೆ ಏನೋ ಹುಡುಕುತ್ತಿದ್ದರು. ಕೆಂಪು ಕಾರಿನ ಕಣ್ಣು ಮುಚ್ಚಿತ್ತು.

"ಎಲ್ಲಿದೆಯೇ ಕಣ್ಣು?" ಎಂದರು ಅಜ್ಜಿ.

"ಆಗ ಬಿಟ್ಟಿತ್ತು ಅಜ್ಜಿ. ಆಣೆ!"

"ಇವತ್ತು ಮಂಗಳವಾರ. ಮಂಗಳವಾರ ಗಾಳಿ ಬರುತ್ತೆ, ಅಷ್ಟೇ. ಗುರುವಾರ ಆಗಿದ್ರೆ ಬೇರೆ ಮಾತು." ಅಜ್ಜಿ ಹಿಟ್ಟಿನ ಕಡೆ ವಾಪಸು ಹೋದರು.

ಜಿಪಾರ ಅಂಗಳದಲ್ಲಿ ನಿಂತೇ ಇದ್ದಳು. ಗುರುವಾರ!

ಗುರುವಾರ ಸಂಜೆ ಅಜ್ಜಿ ಬಾಣಲೆ ತುಂಬ ಎಣ್ಣೆ ಕಾಯಿಸಿ ಬೋರ್ಸೋಕ್ ಕರಿಯುತ್ತಾರೆ. ಕರಿದ ಹಿಟ್ಟಿನ ಆ ಘಮ ಮನೆಯಿಂದ ಹೊರಗೆ ಹೋಗಬೇಕು. ತೀರಿಕೊಂಡ ಹಿರಿಯರು ಆ ವಾಸನೆ ಹಿಡಿದೇ ಮನೆಗೆ ಬರುತ್ತಾರೆ, ತಮ್ಮನ್ನು ನೆನೆಸಿಕೊಂಡರೇ ಇಲ್ಲವೇ ಎಂದು ನೋಡಿ ಹೋಗುತ್ತಾರೆ. ಇದು ಬೀದಿಯ ಎಲ್ಲ ಮನೆಗಳಲ್ಲೂ ನಡೆಯುವುದೇ. ತಿಲೆಕ್‌ನ ಮನೆಯಲ್ಲಿ ಬೋರ್ಸೋಕ್ ಸ್ವಲ್ಪ ಸೀದುಹೋಗುತ್ತವೆ, ಆ ಮಾತು ಬೇರೆ.

ಗುರುವಾರ ಸಂಜೆಯೇ ಕೆಂಪು ಕಾರು ಕಣ್ಣು ಬಿಟ್ಟರೆ? ಅಜ್ಜಿಯ ಕಣ್ಣೆದುರಿಗೇ ಬಿಟ್ಟರೆ? ಯಾರದೋ ಆತ್ಮ ಇರುವ ಗಾಡಿ ನಮ್ಮ ಮನೆಗೆ ಬೇಡ ಎಂದು ಅಜ್ಜಿ ಒಂದು ಮಾತು ಹೇಳಿದರೆ ಸಾಕು. ಚಿಕ್ಕಪ್ಪ ಗಡ್ಡ ಬಂದ ಗಂಡಸಾದರೂ ಅಜ್ಜಿಯ ಮಾತು ಮೀರುವವರಲ್ಲ. ಕೆಂಪು ಕಾರು ಹೋಗುತ್ತದೆ, ಬೋಜ್ ಉಳಿಯುತ್ತದೆ. ಹಾವೂ ಸಾಯುತ್ತದೆ, ಕೋಲೂ ಮುರಿಯುವುದಿಲ್ಲ.

ಅದು ತಾನಾಗಿಯೇ ಕಣ್ಣು ಬಿಡದಿದ್ದರೆ? ಬಿಡಿಸಿದರಾಯಿತು.

ಗುರುವಾರ ಬೆಳಕು ಇಳಿಯುವ ಹೊತ್ತಿಗೆ ಎಣ್ಣೆಯ ಘಮ ಅಂಗಳಕ್ಕೆ ಬಂತು. "ಕಲ್ಲಿದ್ದಲು ತರ್ತೀನಿ ಅಜ್ಜಿ" ಎಂದು ಜಿಪಾರ ಬಕೆಟ್ ಹಿಡಿದು ಹೊರಟಳು. ಬಕೆಟ್ ಶೆಡ್ಡಿನ ಬಾಗಿಲಲ್ಲೇ ಉಳಿಯಿತು.

ಒಳಗೆ ಮಬ್ಬು. ಮೊದಲು ಅವಳು ಬೋಜ್‌ನ ಬಾಗಿಲು ತೆಗೆದು ಕೂತಳು. ಸೀಟಿನ ಮೇಲೆ ಅಜ್ಜಿ ಹೊಲಿದ ಕಂಬಳಿ. ಡ್ಯಾಶ್‌ಬೋರ್ಡಿನ ಪುಟ್ಟ ಡಬ್ಬಿ ತೆರೆದರೆ ತಾತನ ವಾಸನೆ. ಅದರ ಮೂಲೆಯಲ್ಲಿ ಕುರುತ್, ಅಂದರೆ ಉಪ್ಪು ಹಾಕಿ ಒಣಗಿಸಿದ ಮೊಸರಿನ ಉಂಡೆ, ಒಂದೇ ಒಂದು ಉಳಿದಿತ್ತು. ತಾತ ದಾರಿಯುದ್ದಕ್ಕೂ ಅದನ್ನು ಕೆನ್ನೆಯಲ್ಲಿಟ್ಟುಕೊಂಡು ಚೀಪುತ್ತಿದ್ದರು. ಜಿಪಾರ ಅದನ್ನು ಮುಟ್ಟಲಿಲ್ಲ. ವಸಂತದಿಂದಲೂ ಮುಟ್ಟಿಲ್ಲ.

"ಹೆದರ್ಕೋಬೇಡ ಬೋಜ್. ಇವತ್ತು ಎಲ್ಲಾ ಸರಿ ಮಾಡ್ತೀನಿ," ಎಂದಳು.

ಇಳಿದು ಕೆಂಪು ಕಾರಿನ ಮುಂದೆ ಬಂದಳು. ಎಡಗಣ್ಣಿನ ರೆಪ್ಪೆಯ ಅಂಚಿಗೆ ಎರಡೂ ಕೈಯ ಬೆರಳು ತೂರಿಸಿ ಎಳೆದಳು. ಗಟ್ಟಿಯಾಗಿರುತ್ತದೆ ಅಂದುಕೊಂಡಿದ್ದಳು. ಗಟ್ಟಿಯಾಗಿರಲಿಲ್ಲ. ಒಳಗಿನಿಂದಲೂ ಯಾರೋ ತಳ್ಳುತ್ತಿರುವ ಹಾಗೆ ಅದು ಹಗುರವಾಗಿ ಎದ್ದು ಬಂತು. ಎಲ್ಲೋ ಆಳದಲ್ಲಿ ಉಸ್ಸ್ ಎಂದು ಒಂದು ಉಸಿರು ಕೇಳಿಸಿತು.

ಹಿಂದೆ ತಿರುಗಿ ನೋಡದೆ ಓಡಿದಳು.

"ಅಜ್ಜೀ! ಬನ್ನಿ! ಕೆಂಪು ಕಾರು ಕಣ್ಣು ಬಿಟ್ಟಿದೆ! ಇವತ್ತು ಗುರುವಾರ!"

ಅಜ್ಜಿ ಈ ಸಲ ಕೈ ಕೂಡ ತೊಳೆಯಲಿಲ್ಲ. ಬಾಣಲೆ ಇಳಿಸಿ ಹಾಗೆಯೇ ಬಂದರು. ಟೀ ಕುಡಿಯುತ್ತಿದ್ದ ಚಿಕ್ಕಪ್ಪನೂ ಹಿಂದೆ ಬಂದರು. ಬಾಗಿಲಲ್ಲಿ ಮೂವರೂ ನಿಂತರು.

ಕೆಂಪು ಕಾರು ಎರಡೂ ಕಣ್ಣು ಬಿಟ್ಟುಕೊಂಡು ಅವರನ್ನೇ ನೋಡುತ್ತಿತ್ತು.

ಎರಡೂ!

ಯೋಚನೆ ಮಾಡುವ ಮೊದಲೇ ಜಿಪಾರಳ ಬಾಯಿಂದ ಮಾತು ಜಾರಿತು: "ಅಜ್ಜೀ, ನಾನು ತೆಗೆದಿದ್ದು ಒಂದನ್ನೇ!"

ಅಜ್ಜಿ ಅವಳನ್ನು ನೋಡಿದರು. ಕಾರನ್ನು ನೋಡಿದರು. ಮತ್ತೆ ಅವಳನ್ನು ನೋಡಿದರು. ಬೈಗುಳ ಬರುತ್ತದೆ ಎಂದು ಜಿಪಾರ ಕುತ್ತಿಗೆ ಕುಗ್ಗಿಸಿದಳು.

"ಹೋಗು, ತಟ್ಟೇಲಿ ಬಿಸಿ ಬೋರ್ಸೋಕ್ ಹಾಕ್ಕೊಂಡು ಬಾ," ಎಂದರು ಅಜ್ಜಿ.

"ಅಜ್ಜಿ... ಇದನ್ನ ಆಚೆ ಓಡಿಸಲ್ವಾ?"

"ಯಾರನ್ನ? ಗುರುವಾರ ಸಂಜೆ ವಾಸನೆ ಹಿಡ್ಕೊಂಡು ಬಾಗಿಲಿಗೆ ಬಂದವರನ್ನ? ಯಾವ ಮನೇಲಿ ಬೆಳೆದೆಯೇ ನೀನು?"

ಜಿಪಾರ ತಟ್ಟೆ ತಂದಳು. ಅಜ್ಜಿ ಅದನ್ನು ಕೆಂಪು ಕಾರಿನ ಮೂಗಿನ ಮೇಲೆ ಇಟ್ಟರು. ಬಿಸಿ ಹಬೆ ಎರಡು ಕಣ್ಣುಗಳ ನಡುವಿನಿಂದ ಮೇಲೆ ಹೋಯಿತು.

"ಕಣ್ಣು ತೆರೆದೇ ಇದ್ರೆ ಅದು ಯಾರನ್ನೋ ಕಾಯ್ತಿದೆ ಅಂತ," ಎಂದರು ಅಜ್ಜಿ. "ಲೋ ಮಿರ್ಲಾನ್, ಯಾರದೋ ಈ ಗಾಡಿ?"

"ಅಮ್ಮಾ, ಅದು ಗಾಳಿ ಪೈಪಿನ ಕಥೆ," ಎಂದು ಚಿಕ್ಕಪ್ಪ ನಕ್ಕರು. "ಒಳಗೆ ಒಂದು ರಬ್ಬರ್ ಪೈಪ್ ಇದೆ. ಅದು ಗಾಳಿ ಎಳ್ಕೊಂಡಿದ್ರೆ ಕಣ್ಣು ಮುಚ್ಚಿರುತ್ತೆ. ಪೈಪ್ ಬಿರುಕು ಬಿಟ್ಟಿದೆ, ಅದಕ್ಕೇ ಆಗಾಗ ತಾನೇ ಏಳುತ್ತೆ. ದಿನಾ ನಾನೇ ಬಂದು ಒತ್ತಿ ಮುಚ್ತೀನಿ. ಈ ಕಳ್ಳಿ ಒಂದನ್ನ ಎಳೆದಾಗ ಪೈಪೇ ಕಳಚಿರ್ಬೇಕು, ಎರಡೂ ಎದ್ದಿವೆ."

"ನಾನು ಪೈಪ್ ಕೇಳಲಿಲ್ಲ. ಯಾರದು ಅಂತ ಕೇಳ್ದೆ."

ಚಿಕ್ಕಪ್ಪನ ನಗು ನಿಂತಿತು. ಬೋಜ್‌ಗೆ ಒರಗಿ ನಿಂತು ಹೇಳಿದರು.

"ಒಬ್ಬ ಮುದುಕರದು. ಅವರು ತೀರ್ಕೊಂಡ್ರು. ಹೆಂಡತಿ ಒಬ್ರೇ ಇದ್ರು. ಅವರ ಭಾಷೆ ನನಗೆ ಬರಲ್ಲ, ಜೊತೇಲಿದ್ದ ಗೆಳೆಯನೇ ಎಲ್ಲಾ ಹೇಳ್ತಿದ್ದ. ಎಷ್ಟೋ ಜನ ಬಂದು ಕೇಳಿದ್ರಂತೆ, ಆಯಮ್ಮ ಕೊಡಲಿಲ್ವಂತೆ. ಅವರೆಲ್ಲ ಬಿಚ್ಚಿ ಪಾರ್ಟ್ಸ್ ಮಾರೋರು. ನಾನು ಓಡಿಸ್ತೀನಿ ಅಂದೆ, ಅದಕ್ಕೇ ಕೊಟ್ರು. ಲಾರಿಗೆ ಹತ್ತಿಸೋವಾಗ ಒಂದು ಕಣ್ಣು ಹೀಗೇ ಎದ್ದುಬಿಡ್ತು. ಸುರಿಯೋ ಮಳೇಲಿ, ಮನೆ ಚಪ್ಪಲೀಲೇ ಓಡಿ ಬಂದ್ರು ಆಯಮ್ಮ. ಅದರ ಮೇಲೆ ಅಂಗೈ ಇಟ್ರು. ಮೆಲ್ಲಗೆ ಮುಚ್ಚಿದ್ರು. ಆಮೇಲೆ ಒಂದೇ ಮಾತು ಹೇಳಿದ್ರು, ಇದನ್ನ ದಯವಿಟ್ಟು ಬಿಚ್..."

ಅಲ್ಲಿಗೆ ಅವರ ಮಾತು ನಿಂತಿತು.

ಅವರ ಕೈ ಬೋಜ್‌ನ ಬೆನ್ನ ಮೇಲಿತ್ತು. ಚಿಕ್ಕಪ್ಪ ಆ ಕೈಯನ್ನು ನೋಡಿಕೊಂಡರು, ಬೋಜ್‌ನ ನೋಡಿದರು. ಕುತ್ತಿಗೆ ಕೆರೆದುಕೊಂಡರು. ಹೊರಗೆ ಉಲಾನ್ ತಗಡಿನ ಮೇಲೆ ಗುಂಯ್ಗುಟ್ಟುತ್ತಿತ್ತು.

"ಶನಿವಾರ ಬರೋನಿಗೆ ಬೇಡ ಅಂತ ಫೋನ್ ಮಾಡ್ತೀನಿ," ಎಂದರು ಚಿಕ್ಕಪ್ಪ, ತಮಗೆ ತಾವೇ ಹೇಳಿಕೊಂಡ ಹಾಗೆ. "ನಮ್ಮ ಬರ್ಮೆತ್ ಅಕ್ಕ ಕೋಚ್ಕೋರಲ್ಲಿ ಮನೆಮನೆಗೆ ಹೋಗಿ ಇಂಜೆಕ್ಷನ್ ಕೊಡ್ತಾಳೆ, ಯಾರ್ಯಾರದೋ ಗಾಡಿ ಕಾಯ್ಕೊಂಡು. ಇಷ್ಟು ಹಳೇದನ್ನ ಅಕ್ಕನಿಗೆ ಹೇಗೆ ಕೊಡೋದು ಅಂತ ನಾಚ್ಕೊಂಡು ಸುಮ್ನಿದ್ದೆ."

"ಅಪ್ಪನ ಗಾಡಿ ಮಗಳಿಗೆ ಕೊಡೋಕೆ ನಾಚಿಕೆ ಏನೋ?" ಎಂದರು ಅಜ್ಜಿ. ಆಮೇಲೆ ಕೆಂಪು ಕಾರಿನ ಕಡೆ ತಿರುಗಿ, ಹೆಸರು ಹೇಳಲು ಬಾಯಿ ತೆರೆದು, ಹಾಗೆಯೇ ನಿಂತರು. "ಆ ಮನುಷ್ಯರ ಹೆಸರೇನು?"

"ಕೇಳಲಿಲ್ಲ ಅಮ್ಮ."

"ಗಾಡಿ ತಂದೆ. ಹೆಸರು ತರಲಿಲ್ಲ," ಎಂದರು ಅಜ್ಜಿ.

ಜಿಪಾರ ಕೆಂಪು ಕಾರನ್ನು ನೋಡಲಾರದೆ ತಲೆ ತಗ್ಗಿಸಿದಳು. ಎಷ್ಟು ಬೈದಿದ್ದಳು ಅದಕ್ಕೆ! ಕುರುಡು ಎಂದಿದ್ದಳು. ಎಲ್ಲೋ ದೂರದ ಊರಿನಲ್ಲಿ ಖಾಲಿ ಶೆಡ್ಡೊಂದಿದೆ, ಅದರ ಬಾಗಿಲಲ್ಲಿ ಒಬ್ಬ ಅಜ್ಜಿ ನಿಂತಿದ್ದಾರೆ ಎಂದು ಅವಳಿಗೆ ಹೇಗೆ ಗೊತ್ತಾಗಬೇಕಿತ್ತು?

"ಚಿಕ್ಕಪ್ಪ, ಈಗ ಕೇಳೋಕಾಗಲ್ವಾ?" ಎಂದಳು ಸಣ್ಣ ದನಿಯಲ್ಲಿ. "ನಿಮ್ಮ ಗೆಳೆಯನಿಗೆ ಮೆಸೇಜ್ ಮಾಡಿ. ಪ್ಲೀಸ್."

ಶನಿವಾರ ಬರ್ಮೆತ್ ಅತ್ತೆ ಮಿನಿಬಸ್ಸಿನಲ್ಲಿ ಬಂದಿಳಿದರು. ಬೋಜ್‌ನ ಸುತ್ತ ಒಂದು ಸುತ್ತು ಹಾಕಿ, ಸ್ಟೀರಿಂಗ್ ಹಿಡಿದು ಕೂತರು. ಆಮೇಲೆ ಮೂಗು ಸೇದಿ, "ಅಪ್ಪನಿಗೆ ಗೇರ್ ಕಿರ್ರ್ ಅಂದ್ರೆ ಕೋಪ ಬರ್ತಿತ್ತು. ನೋಡೋಣ, ಬೈತಾರಾ ಅಂತ," ಎಂದು ನಕ್ಕರು. ಗೇರ್ ಕಿರ್ರ್ ಎಂದಿತು.

ತಿಲೆಕ್ ಗೋಡೆಯ ಮೇಲೆ ಕೂತಿದ್ದ. ತೆವಳುತ್ತೆ ಎಂದು ಈ ಸಲ ಹೇಳಲಿಲ್ಲ. ಇಳಿದು ಬಂದು ಹಿಂದಿನ ಗಾಜನ್ನು ತನ್ನ ತೋಳಿನಿಂದಲೇ ಒರೆಸಿದ.

ಜಿಪಾರ ಬೋಜ್‌ನ ಮುಂದೆ ಹೋಗಿ ಎರಡು ದುಂಡು ದೀಪಗಳ ಮೇಲೆ ಎರಡು ಅಂಗೈ ಇಟ್ಟಳು. ಬೋಜ್‌ಗೆ ರೆಪ್ಪೆ ಇಲ್ಲ. ಅದರ ಕಣ್ಣು ಮುಚ್ಚಲು ಬರುವುದಿಲ್ಲ. ಆದರೂ ಇಟ್ಟುಕೊಂಡೇ ನಿಂತಳು. ಗಾಜು ತಣ್ಣಗಿತ್ತು, ಸ್ವಲ್ಪ ಹೊತ್ತಿಗೆ ಕೈಯಷ್ಟೇ ಬೆಚ್ಚಗಾಯಿತು.

"ಅತ್ತೆ, ಗುರುವಾರ ಕರಿಯುವಾಗ ಬೋಜ್‌ನ ಅಡುಗೆಮನೆ ಹತ್ತಿರಾನೇ ನಿಲ್ಲಿಸಿ. ಒಂದು ಕಿಟಕಿ ಇಳಿಸಿಡಿ. ತಾತ ಮನೆಯೊಳಗೆ ಹೋಗೋ ಮೊದಲು ಅದರಲ್ಲೇ ಕೂರ್ತಾರೆ."

ಅತ್ತೆ ನಗಲಿಲ್ಲ. "ಯಾವ ಕಿಟಕಿ?" ಎಂದು ಕೇಳಿದರು.

"ಡ್ರೈವರ್ ಕಿಟಕಿ."

ಬೋಜ್ ಧೂಳೆಬ್ಬಿಸಿಕೊಂಡು ಹೋಯಿತು. ಕುರುತ್ ಉಂಡೆ ಡಬ್ಬಿಯಲ್ಲಿಯೇ ಇತ್ತು.

ಮುಂದಿನ ಗುರುವಾರ ಬಂತು. ಎಣ್ಣೆ ಕಾಯಿತು, ಬೋರ್ಸೋಕ್ ಉಬ್ಬಿದವು, ಘಮ ಕಿಟಕಿಯಿಂದ ಹೊರಗೆ ಹೋಯಿತು. ಅಜ್ಜಿ ತಟ್ಟೆಯ ಮುಂದೆ ಕೂತು ಪ್ರಾರ್ಥನೆ ಹೇಳಿ, ಹೆಸರುಗಳನ್ನು ಒಂದೊಂದಾಗಿ ಹೇಳಿದರು. ಅವರ ಅಪ್ಪನ ಹೆಸರು, ಅಮ್ಮನ ಹೆಸರು, ಎಳವೆಯಲ್ಲೇ ಹೋದ ತಂಗಿಯ ಹೆಸರು. ಕೊನೆಗೆ ತಾತನ ಹೆಸರು, ಬೈಗಾಜಿ. ಆಮೇಲೆ ಜಿಪಾರಳ ಮುಖ ನೋಡಿದರು.

ಚಿಕ್ಕಪ್ಪನ ಫೋನಿಗೆ ಉತ್ತರ ಬಂದಿತ್ತು. ಜಿಪಾರ ಆ ಹೆಸರನ್ನು ಶಾಲೆಗೆ ಹೋಗುವ ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದಳು. ಆದರೂ ನಾಲಿಗೆ ತೊಡರಿತು.

"ಲೋ... ಲೋಥರ್," ಎಂದಳು.

"ಓಮಿನ್," ಎಂದು ಅಜ್ಜಿ ಪ್ರಾರ್ಥನೆ ಮುಗಿಸಿದರು. ಅಜ್ಜಿ, ಚಿಕ್ಕಪ್ಪ, ಜಿಪಾರ ಮೂವರೂ ಅಂಗೈಗಳನ್ನು ಮುಖದ ಮೇಲಿನಿಂದ ಕೆಳಗೆ ಸವರಿಕೊಂಡರು.

ಜಿಪಾರ ಪುಟ್ಟ ತಟ್ಟೆ ಹಿಡಿದು ಒಬ್ಬಳೇ ಶೆಡ್ಡಿಗೆ ಹೋದಳು. ಬೋಜ್ ನಿಲ್ಲುತ್ತಿದ್ದ ಕಡೆ ನೆಲದ ಮೇಲೆ ಎಣ್ಣೆಯ ಕಲೆ ಮಾತ್ರ ಇತ್ತು. ಅವಳು ಅದನ್ನು ತುಳಿಯದೆ ಸುತ್ತಿ ಹೋದಳು. ಆಚೆ ಬದಿಯಲ್ಲಿ ಕೆಂಪು ಕಾರು ಕಣ್ಣು ಮುಚ್ಚಿಕೊಂಡು ನಿಂತಿತ್ತು. ಹೊಸ ಪೈಪ್ ಇನ್ನೂ ಬಂದಿರಲಿಲ್ಲ, ಚಿಕ್ಕಪ್ಪ ಹಳೆಯದನ್ನೇ ಮತ್ತೆ ಸಿಕ್ಕಿಸಿದ್ದರು.

ತಟ್ಟೆಯನ್ನು ಅದರ ಮೂಗಿನ ಮೇಲೆ ಇಟ್ಟಳು.

"ಲೋಥರ್ ತಾತ, ಬಿಸಿ ಇದೆ. ಊದಿಕೊಂಡು ತಿನ್ನಿ."

ತಗಡು ಗುಂಯ್ ಎಂದಿತು. ಅಂಗಳದಲ್ಲಿ ನಾಯಿ ಒಮ್ಮೆ ಕುಂಯ್ಗುಟ್ಟಿ ಸುಮ್ಮನಾಯಿತು.

ಟಿಕ್.

ಎಡಗಣ್ಣು ಮೆಲ್ಲಗೆ ಎದ್ದಿತು. ಅರ್ಧಕ್ಕೆ ನಿಂತು, ಮತ್ತೆ ಎದ್ದಿತು. ಈ ಸಲ ಜಿಪಾರ ಓಡಲಿಲ್ಲ. ಮುಚ್ಚೋಣವೆಂದು ಅಂಗೈ ಚಾಚಿದಳು. ಚಾಚಿದ ಕೈಯನ್ನು ಹಾಗೆಯೇ ಹಿಂದಕ್ಕೆ ತೆಗೆದುಕೊಂಡಳು.

ಈ ಹೊತ್ತಿಗೆ ಕೋಚ್ಕೋರಿನಲ್ಲೂ ಎಣ್ಣೆ ಕಾದಿರುತ್ತದೆ. ಬೋಜ್‌ನ ಕಿಟಕಿ ಇಳಿದಿರುತ್ತದೆ.

ಅವಳು ಹೊರಗೆ ಬಂದು ಶೆಡ್ಡಿನ ಬಾಗಿಲು ಎಳೆದಳು. ಪೂರ್ತಿ ಎಳೆಯಲಿಲ್ಲ. ಒಳಗಿನಿಂದ ನೋಡಿದರೆ ರಸ್ತೆ ಕಾಣುವಷ್ಟು ಸಂದಿ ಬಿಟ್ಟು, ಗಾಳಿಗೆ ಮುಚ್ಚಿಹೋಗದ ಹಾಗೆ ಒಂದು ಕಲ್ಲು ಇಟ್ಟಳು.